ನಗರಾಧ್ಯಯನ ಜರ್ನಲ್‌ಗೆ ಹಸ್ತಪ್ರತಿ: ವಿಮರ್ಶಕರ ಕೈ ಸೇರುವ ಮೊದಲೇ ಮರಳಿ ಬಂದ ಲೇಖನವನ್ನು ತಿದ್ದುವುದು ಹೇಗೆ?

ರೇವತಿ

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಲೇಖನವಾಗಿ ಬದಲಿಸಿ ನಗರಾಧ್ಯಯನದ ಜರ್ನಲ್ ಒಂದಕ್ಕೆ ಕಳುಹಿಸಿದ್ದೆ. ನಗರದ ನಡುಭಾಗದಿಂದ ಎಬ್ಬಿಸಿ ಹೊರವಲಯದ ವಸತಿ ಸಮುಚ್ಚಯಕ್ಕೆ ಸ್ಥಳಾಂತರಿಸಲಾದ ಕುಟುಂಬಗಳು ತಮ್ಮ ದುಡಿಮೆಯನ್ನು ಹೇಗೆ ಉಳಿಸಿಕೊಳ್ಳುತ್ತವೆ ಎಂಬುದು ಅದರ ವಿಷಯ. ಎರಡು ವರ್ಷ ಓಡಾಡಿ 41 ಕುಟುಂಬಗಳ ಜೊತೆ ಮಾತನಾಡಿದ್ದೇನೆ. ಅಧ್ಯಾಯದಲ್ಲಿದ್ದ 14,000 ಪದಗಳನ್ನು ಬಹಳ ಕಷ್ಟಪಟ್ಟು 9,000ಕ್ಕೆ ಇಳಿಸಿ ಕಳುಹಿಸಿದ ಒಂಬತ್ತನೆಯ ದಿನವೇ, ಪ್ರಕಟಣೆಗೆ ಮೊದಲು ಲೇಖನವನ್ನು ಓದಿ ತೂಗುವ ವಿಮರ್ಶಕರಿಗೆ ತಲುಪಿಸದೆ, ಸಂಪಾದಕರು ಅದನ್ನು ಹಿಂದಿರುಗಿಸಿದರು. ಕ್ಷೇತ್ರಕಾರ್ಯ ಸಮೃದ್ಧವಾಗಿದೆ, ಆದರೆ ಈ ನಗರದ ಆಚೆಗಿನ ಓದುಗರಿಗೆ ಇದರಿಂದ ಏನು ತಿಳಿಯುತ್ತದೆ ಎಂಬುದು ಸ್ಪಷ್ಟವಾಗಿಲ್ಲ ಎಂಬಷ್ಟೇ ಅದರಲ್ಲಿದ್ದ ಕಾರಣ. ನಾನು ಅಧ್ಯಯನ ಮಾಡಿದ್ದು ಒಂದೇ ನಗರವನ್ನು. ಹಾಗಾದರೆ ಇನ್ನೊಂದು ನಗರವನ್ನು ಸೇರಿಸಿ ಹೋಲಿಸದ ಹೊರತು ಇದಕ್ಕೆ ಪ್ರಕಟಣೆಯ ದಾರಿ ಇಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿವಪ್ರಸಾದ್

ರೇವತಿಯವರೇ, ಹನ್ನೆರಡು ವರ್ಷಗಳಿಂದ ವಿಮರ್ಶಕನಾಗಿ ಹಸ್ತಪ್ರತಿಗಳನ್ನು ಓದುತ್ತಿದ್ದೇನೆ. ಒಂದೇ ನಗರವನ್ನು ಕುರಿತ ಲೇಖನಗಳು ಎಲ್ಲ ನಗರಾಧ್ಯಯನ ಜರ್ನಲ್‌ಗಳಲ್ಲೂ ಬರುತ್ತಲೇ ಇರುತ್ತವೆ. ಆದ್ದರಿಂದ ಎರಡನೆಯ ನಗರವನ್ನು ಹುಡುಕಿಕೊಂಡು ಹೋಗಬೇಡಿ; ಅವಸರದಲ್ಲಿ ಸೇರಿಸಿದ ಎರಡನೆಯ ನಗರ ಮೊದಲನೆಯದನ್ನೂ ತೆಳುವಾಗಿಸುತ್ತದೆ. ಸಂಪಾದಕರು ಕೇಳುತ್ತಿರುವುದು ನಿಮ್ಮ ಪ್ರಶ್ನೆ ಯಾವುದು ಎಂದು. ಪ್ರಬಂಧದ ಅಧ್ಯಾಯಕ್ಕೆ ಹಿಂದೆ ಮೂರು ಅಧ್ಯಾಯಗಳ ಆಸರೆ ಇರುವುದರಿಂದ ಅದು ನೇರವಾಗಿ ವಿವರಣೆಗೆ ಇಳಿಯಬಹುದು. ಲೇಖನಕ್ಕೆ ಆ ಆಸರೆ ಇರುವುದಿಲ್ಲ. ಮೊದಲ ಎರಡು ಪುಟಗಳಲ್ಲೇ ಅದು ತನ್ನ ಕಾಲ ಮೇಲೆ ನಿಲ್ಲಬೇಕು. ನಿಮ್ಮ ಲೇಖನದ ಮೊದಲ ಪ್ಯಾರಾವನ್ನು ಇಲ್ಲಿ ಹಾಕಲು ಸಾಧ್ಯವೇ?

ರೇವತಿ

ಖಂಡಿತ ಸರ್. ಅದು ಹೀಗಿದೆ:

"ಇಂದು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ನಗರಗಳಲ್ಲಿ ವಾಸಿಸುತ್ತಿದ್ದಾರೆ. ವೇಗವಾಗಿ ಬೆಳೆಯುತ್ತಿರುವ ನಗರಗಳಲ್ಲಿ ವಸತಿಯ ಸಮಸ್ಯೆ ಗಂಭೀರವಾಗುತ್ತಿದೆ. ಇದಕ್ಕೆ ಪರಿಹಾರವಾಗಿ ಸರ್ಕಾರಗಳು ಪುನರ್ವಸತಿ ಯೋಜನೆಗಳನ್ನು ರೂಪಿಸಿವೆ. ಪ್ರಸ್ತುತ ಲೇಖನವು ಅಂತಹ ಒಂದು ಯೋಜನೆಯಲ್ಲಿ ಸ್ಥಳಾಂತರಗೊಂಡ ಕುಟುಂಬಗಳ ಜೀವನೋಪಾಯವನ್ನು ಅಧ್ಯಯನ ಮಾಡುತ್ತದೆ."

ಶಿವಪ್ರಸಾದ್

ಹಾಕಿದ್ದಕ್ಕೆ ಧನ್ಯವಾದಗಳು. ಮೊದಲ ವಾಕ್ಯವನ್ನು ತೆಗೆದುಬಿಡಿ. ವಿಶ್ವಸಂಸ್ಥೆಯ ಅಂದಾಜಿನಂತೆ ನಗರವಾಸಿಗಳ ಪ್ರಮಾಣ ಅರ್ಧವನ್ನು ದಾಟಿದ್ದು 2007ರ ಸುಮಾರಿಗೆ. ಅಂದಿನಿಂದ ಎಷ್ಟೋ ಹಸ್ತಪ್ರತಿಗಳು ಇದೇ ವಾಕ್ಯದಿಂದ ಆರಂಭವಾಗುತ್ತಿವೆ. ಅದು ಸುಳ್ಳಲ್ಲ, ಆದರೆ ನಿಮ್ಮ ಲೇಖನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ "ನಗರ" ಎಂಬುದು ಎಲ್ಲ ದೇಶಗಳಲ್ಲೂ ಒಂದೇ ಅರ್ಥದಲ್ಲಿದೆ ಎಂದು ಅದು ಭಾವಿಸಿಕೊಳ್ಳುತ್ತದೆ. ಡೆನ್ಮಾರ್ಕ್‌ನಲ್ಲಿ 200 ಜನರಿರುವ ನೆಲೆಯೂ ನಗರಪ್ರದೇಶದ ಲೆಕ್ಕಕ್ಕೆ ಬರುತ್ತದೆ. ಜಪಾನಿನಲ್ಲಿ ನಗರದ ಸ್ಥಾನಮಾನಕ್ಕೆ ಸಾಮಾನ್ಯವಾಗಿ 50,000 ಜನಸಂಖ್ಯೆ ಬೇಕು. ಭಾರತದ ಜನಗಣತಿ 5,000 ಜನಸಂಖ್ಯೆಯ ಜೊತೆಗೆ ಸಾಂದ್ರತೆಯನ್ನೂ ಪುರುಷರ ಕೃಷಿಯೇತರ ದುಡಿಮೆಯ ಪ್ರಮಾಣವನ್ನೂ ನೋಡುತ್ತದೆ. ಈ ಗೊಂದಲಕ್ಕೆ ಪರಿಹಾರವಾಗಿಯೇ 2020ರಲ್ಲಿ ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗ ದೇಶ ದೇಶಗಳ ಹೋಲಿಕೆಗಾಗಿ ಒಂದು ಸಾಮಾನ್ಯ ವಿಧಾನವನ್ನು ಒಪ್ಪಿಕೊಂಡಿತು: ಭೂಮಿಯನ್ನು ಒಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಕನಿಷ್ಠ 1,500 ಜನರಿದ್ದು, ಒಂದಕ್ಕೊಂದು ತಾಗಿದ ಅಂತಹ ಚೌಕಗಳಲ್ಲಿ ಒಟ್ಟು 50,000 ಜನರಿದ್ದರೆ ಅದನ್ನು ನಗರವೆಂದು ಎಣಿಸುವುದು. ನೀವು "ಹೊರವಲಯ" ಎಂದು ಬರೆದಿರುವಾಗ ಅದು ಆಡಳಿತದ ಗಡಿಯ ಒಳಗಿದೆಯೋ ಹೊರಗಿದೆಯೋ, ಯಾವ ಅಳತೆಯಿಂದ ಹೊರವಲಯ ಎಂಬುದನ್ನು ವಿಧಾನದ ಭಾಗದಲ್ಲಿ ಒಂದು ವಾಕ್ಯದಲ್ಲಾದರೂ ಹೇಳಲೇಬೇಕು.

ಈಗ ನನ್ನದೊಂದು ಪ್ರಶ್ನೆ. ಕ್ಷೇತ್ರಕಾರ್ಯದಲ್ಲಿ ನಿಮಗೆ ಎಲ್ಲಕ್ಕಿಂತ ಅಚ್ಚರಿ ತಂದ ಸಂಗತಿ ಯಾವುದು? ಲೇಖನದಲ್ಲಿ ಇರುವುದನ್ನು ಹೇಳಬೇಡಿ. ಮನೆಗೆ ಬಂದು ಗೆಳತಿಗೆ ಫೋನಿನಲ್ಲಿ ಹೇಳಿದ ಸಂಗತಿಯನ್ನು ಹೇಳಿ.

ರೇವತಿ

ಸರ್, ಅದು ಮಂಚದ ಸಂಗತಿ. ಹೊಸ ಮನೆಗಳಿಗೆ ಹೋದಾಗ ಎಷ್ಟೋ ಕಡೆ ಮಂಚದ ಮೇಲೆ ಬಟ್ಟೆಯ ಗಂಟುಗಳನ್ನು ಪೇರಿಸಿರುತ್ತಿದ್ದರು. ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದರೆ, "ಅವರು ಶನಿವಾರ ಬರುತ್ತಾರೆ" ಎನ್ನುತ್ತಿದ್ದರು. ಕೆಲಸದ ಜಾಗ ಹಳೆಯ ಬಡಾವಣೆಯ ಹತ್ತಿರವೇ ಉಳಿದಿದ್ದರಿಂದ ಗಂಡನೋ, ಮಗಳೋ, ಕೆಲವೆಡೆ ತಾಯಿಯೋ ವಾರದ ಐದಾರು ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲೇ ಮಲಗುತ್ತಿದ್ದರು. ಯೋಜನೆಯ ದಾಖಲೆಯಲ್ಲಿ ಇವೆಲ್ಲ "ವಾಸವಿರುವ ಕುಟುಂಬ" ಎಂದೇ ನಮೂದಾಗಿವೆ. ಲೇಖನದ ಇಪ್ಪತ್ತೆರಡನೆಯ ಪುಟದಲ್ಲಿ ಇದಕ್ಕೆ ಒಂದು ಪ್ಯಾರಾ ಕೊಟ್ಟಿದ್ದೇನೆ.

ಶಿವಪ್ರಸಾದ್

ನಿಮ್ಮ ಲೇಖನ ಇರುವುದು ಆ ಇಪ್ಪತ್ತೆರಡನೆಯ ಪುಟದಲ್ಲಿ. ಪುನರ್ವಸತಿಯನ್ನು ಅಳೆಯುವವರು ಸಾಮಾನ್ಯವಾಗಿ ಕುಟುಂಬ ಹೊಸ ಮನೆಯಲ್ಲಿ ಉಳಿದಿದೆಯೋ, ಬಿಟ್ಟು ಹೋಗಿದೆಯೋ ಎಂದು ಕೇಳುತ್ತಾರೆ. ನಿಮ್ಮ ಸಾಮಗ್ರಿಯ ಪ್ರಕಾರ ಆ ಪ್ರಶ್ನೆಗೆ "ಉಳಿದಿದೆ" ಎಂಬ ಉತ್ತರ ಸಿಕ್ಕಾಗಲೂ ಕುಟುಂಬ ಎರಡು ಜಾಗಗಳಲ್ಲಿ ಹಂಚಿಹೋಗಿರಬಹುದು. ಅಂದರೆ ಎಣಿಕೆಯ ಘಟಕವೇ ಸಂಗತಿಯನ್ನು ಮರೆಮಾಚುತ್ತಿದೆ. ಜನರನ್ನು ಸ್ಥಳಾಂತರಿಸುವ ಯಾವ ನಗರದ ಬಗ್ಗೆ ಕೆಲಸ ಮಾಡುವವರಿಗೂ ಇದು ಬೇಕಾದ ಮಾತು; ನಿಮ್ಮ ನಗರದ ಆಚೆಗಿನ ಓದುಗರಿಗೆ ತಿಳಿಯುವುದು ಇದೇ. ಮಂಚದಿಂದಲೇ ಆರಂಭಿಸಿ. ಎರಡನೆಯ ಪ್ಯಾರಾದಲ್ಲಿ ಈವರೆಗಿನ ಅಧ್ಯಯನಗಳು ಕುಟುಂಬವನ್ನು ಹೇಗೆ ಎಣಿಸಿವೆ ಎಂಬುದನ್ನೂ, ಮೂರನೆಯದರಲ್ಲಿ ನಿಮ್ಮ ವಾದವನ್ನೂ ಇಡಿ. ಸಾಹಿತ್ಯ ಸಮೀಕ್ಷೆಯಲ್ಲಿ ಓದಿದ್ದೆಲ್ಲವನ್ನೂ ಸರದಿಯಲ್ಲಿ ನಿಲ್ಲಿಸಬೇಡಿ. ಈ ವಾದಕ್ಕೆ ಎದುರು ನಿಲ್ಲುವವರು ಮತ್ತು ಆಸರೆಯಾಗುವವರು ಇದ್ದರೆ ಸಾಕು. ಹಾಗೆ ಮಾಡಿದರೆ ಪದಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಭಾರತಿ

ಶಿವಪ್ರಸಾದ್ ಸರ್ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ನಾನು ಕೆಲವು ವರ್ಷ ಒಂದು ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿದ್ದೆ. ಹೊಸ ಹಸ್ತಪ್ರತಿ ಬಂದಾಗ ನಾನು ಮೊದಲು ಸಾರಾಂಶವನ್ನು, ನಂತರ ಮುಕ್ತಾಯದ ಭಾಗವನ್ನು, ಆಮೇಲೆ ಆಕರಗಳ ಪಟ್ಟಿಯನ್ನು ನೋಡುತ್ತಿದ್ದೆ. ಸಾರಾಂಶದಲ್ಲಿ "ಚರ್ಚಿಸಲಾಗಿದೆ", "ಪರಿಶೀಲಿಸಲಾಗಿದೆ" ಎಂಬ ಕ್ರಿಯಾಪದಗಳಷ್ಟೇ ಇದ್ದು, ಕಂಡುಕೊಂಡದ್ದು ಏನು ಎಂಬುದು ಇಲ್ಲದಿದ್ದರೆ ಲೇಖನದ ಒಳಗೂ ಅದು ಇಲ್ಲದಿರುವುದೇ ಹೆಚ್ಚು. ಆಕರಗಳ ಪಟ್ಟಿಯನ್ನು ನೋಡುತ್ತಿದ್ದದ್ದು ಲೇಖಕರು ಯಾರ ಜೊತೆ ಮಾತಿಗೆ ಕುಳಿತಿದ್ದಾರೆ ಎಂದು ತಿಳಿಯಲು.

ಜರ್ನಲ್‌ನ ಆಯ್ಕೆಯೂ ಅಷ್ಟೇ ಮುಖ್ಯ. ನಗರಾಧ್ಯಯನದ ಜರ್ನಲ್‌ಗಳೆಲ್ಲ ಒಂದೇ ಸ್ವಭಾವದವಲ್ಲ. 1964ರಲ್ಲಿ ಆರಂಭವಾದ ಅರ್ಬನ್ ಸ್ಟಡೀಸ್ ಅರ್ಥಶಾಸ್ತ್ರ, ಭೂಗೋಳ, ಯೋಜನೆ, ಸಮಾಜಶಾಸ್ತ್ರ ಹೀಗೆ ಹಲವು ಶಿಸ್ತುಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. 1977ರ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಅರ್ಬನ್ ಅಂಡ್ ರೀಜನಲ್ ರಿಸರ್ಚ್‌ನಲ್ಲಿ ವಿಮರ್ಶಾತ್ಮಕ ಸಿದ್ಧಾಂತದ ಜೊತೆಗಿನ ವಾಗ್ವಾದಕ್ಕೆ ತೂಕ ಹೆಚ್ಚು. 1974ರ ಜರ್ನಲ್ ಆಫ್ ಅರ್ಬನ್ ಹಿಸ್ಟರಿಗೆ ಇತಿಹಾಸದ ದೃಷ್ಟಿ ಬೇಕು. 1989ರಿಂದ ಬರುತ್ತಿರುವ ಎನ್ವಿರಾನ್‌ಮೆಂಟ್ ಅಂಡ್ ಅರ್ಬನೈಸೇಶನ್ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ನಗರಗಳಿಗೆ ಹೆಚ್ಚು ಜಾಗ ಕೊಡುತ್ತದೆ, ತಳಮಟ್ಟದಲ್ಲಿ ಕೆಲಸ ಮಾಡುವವರೂ ಅದಕ್ಕೆ ಬರೆಯುತ್ತಾರೆ. ನೀವು ಕಳುಹಿಸಬೇಕೆಂದಿರುವ ಜರ್ನಲ್‌ನ ಕಳೆದ ಎರಡು ವರ್ಷಗಳ ಸಂಚಿಕೆಗಳನ್ನು ತೆರೆದು, ನಿಮ್ಮ ಲೇಖನ ಯಾವ ಲೇಖನಕ್ಕೆ ಉತ್ತರವಾಗಬಲ್ಲದು ಎಂದು ನೋಡಿ. ಒಂದೂ ಸಿಗದಿದ್ದರೆ ಬೇರೆ ಜರ್ನಲ್ ನೋಡುವುದೇ ಲೇಸು.

ಪದಮಿತಿಯ ಬಗ್ಗೆ ಒಂದು ಎಚ್ಚರಿಕೆ. ಆಕರಗಳು, ಅಡಿಟಿಪ್ಪಣಿಗಳು, ಕೋಷ್ಟಕಗಳು ಮಿತಿಯೊಳಗೆ ಸೇರುತ್ತವೆಯೋ ಇಲ್ಲವೋ ಎಂಬುದು ಜರ್ನಲ್‌ನಿಂದ ಜರ್ನಲ್‌ಗೆ ಬದಲಾಗುತ್ತದೆ. ಲೇಖಕರಿಗೆ ಕೊಟ್ಟ ಸೂಚನೆಗಳ ಪುಟವನ್ನು ಕಳುಹಿಸುವ ದಿನ ಮತ್ತೊಮ್ಮೆ ಓದಿ. ಹಾಗೆಯೇ ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸಬಾರದು. ಇದು ಎಲ್ಲರಿಗೂ ತಿಳಿದಿದ್ದರೂ ಬೇಸರದಿಂದ ಕಾಯುವಾಗ ಮನಸ್ಸು ಅತ್ತ ಎಳೆಯುತ್ತದೆ.

ನಸ್ರೀನ್

ನಾನೂ ರೇವತಿಯವರಂತೆಯೇ ಸಂಶೋಧನಾ ವಿದ್ಯಾರ್ಥಿನಿ. ನನ್ನಿಂದ ಆದ ಒಂದು ತಪ್ಪನ್ನು ಹೇಳುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾದೀತು. ಲೇಖಕರ ಹೆಸರು ವಿಮರ್ಶಕರಿಗೆ ತಿಳಿಯಬಾರದೆಂಬ ನಿಯಮವಿದ್ದ ಜರ್ನಲ್‌ಗೆ ಕಳುಹಿಸುವಾಗ ಮೊದಲ ಪುಟದಿಂದ ಹೆಸರನ್ನು ತೆಗೆದಿದ್ದೆ, ಕೃತಜ್ಞತೆಯ ಸಾಲುಗಳನ್ನೂ ತೆಗೆದಿದ್ದೆ. ಆದರೆ ಕಡತದ ಪ್ರಾಪರ್ಟೀಸ್ ವಿಭಾಗದಲ್ಲಿ ನನ್ನ ಹೆಸರು ಹಾಗೆಯೇ ಇತ್ತು, ಮಾರ್ಗದರ್ಶಕರು ಕಡತವನ್ನು ತಿದ್ದುವಾಗ ಬರೆದ ಟ್ರ್ಯಾಕ್ ಚೇಂಜಸ್ ಟಿಪ್ಪಣಿಯೊಂದು ಕೂಡ ಉಳಿದುಹೋಗಿತ್ತು. "ನನ್ನ ಹಿಂದಿನ ಲೇಖನದಲ್ಲಿ ತೋರಿಸಿರುವಂತೆ" ಎಂಬ ವಾಕ್ಯವಂತೂ ಹೆಸರನ್ನೇ ಬರೆದಂತೆ ಆಗಿತ್ತು. ಕಚೇರಿಯವರು ಅದನ್ನು ಹಿಂದಿರುಗಿಸಿ ಸರಿಪಡಿಸಲು ಹೇಳಿದರು.

ಅದಕ್ಕಿಂತ ನನಗೆ ಇಂದಿಗೂ ನೋವು ಕೊಡುವುದು ಫೋಟೋದ ವಿಷಯ. ನನಗೆ ಮಾಹಿತಿ ಕೊಟ್ಟ ಹೆಂಗಸಿನ ಹೆಸರನ್ನು ಬದಲಿಸಿದ್ದೆ, ಮುಖವನ್ನೂ ತೋರಿಸಿರಲಿಲ್ಲ. ಆದರೆ ಚಿತ್ರದಲ್ಲಿ ಬಾಗಿಲ ಮೇಲಿನ ಮನೆ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು, ಪೂರಕ ಸಾಮಗ್ರಿಯಾಗಿ ಏರಿಸಿದ ಮೂಲ ಕಡತದಲ್ಲಿ ಫೋನು ತಾನಾಗಿ ದಾಖಲಿಸಿದ ಅಕ್ಷಾಂಶ ರೇಖಾಂಶಗಳೂ ಇದ್ದವು. ವಿಮರ್ಶಕರೊಬ್ಬರು ಅದನ್ನು ಗಮನಿಸಿ ಸಂಪಾದಕರಿಗೆ ತಿಳಿಸಿದ್ದರಿಂದ ಪ್ರಕಟಣೆಗೆ ಮೊದಲೇ ತೆಗೆಯಲು ಸಾಧ್ಯವಾಯಿತು. ಬಾಡಿಗೆ ಕರಾರಿಲ್ಲದೆ ವಾಸಿಸುವವರ ವಿಳಾಸ ಹೊರಬಿದ್ದರೆ ಏನಾಗಬಹುದು ಎಂಬುದು ನಮ್ಮ ಕ್ಷೇತ್ರದವರಿಗೆ ಹೇಳಬೇಕಾಗಿಲ್ಲ.

ಹರೀಶ

ನಸ್ರೀನ್ ಮೇಡಂ ಅವರ ಮಾತು ನಕ್ಷೆಗಳಿಗೂ ಹೊಂದುತ್ತದೆ. ನಾನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ಭೌಗೋಳಿಕ ಮಾಹಿತಿಯನ್ನು ನಕ್ಷೆಯಾಗಿಸುವ ಕೆಲಸ ಮಾಡುವವನು, ಹಲವರ ಲೇಖನಗಳಿಗೆ ನಕ್ಷೆ ಸಿದ್ಧಪಡಿಸಿಕೊಟ್ಟಿದ್ದೇನೆ. ರೇವತಿಯವರೇ, 41 ಮನೆಗಳನ್ನು 41 ಚುಕ್ಕೆಗಳಾಗಿ ನಕ್ಷೆಯ ಮೇಲೆ ಇಟ್ಟಿದ್ದರೆ ಅದನ್ನು ಈಗಲೇ ತೆಗೆಯಿರಿ. ಹಿನ್ನೆಲೆಯಲ್ಲಿ ಬೀದಿಗಳ ನಕ್ಷೆ ಇದ್ದರೆ ಚುಕ್ಕೆ ಎಂದರೆ ವಿಳಾಸವೇ. ಮನೆಗಳನ್ನು ಬ್ಲಾಕ್‌ಗಳಾಗಿ ಗುಂಪುಗೂಡಿಸಿ ತೋರಿಸಿ, ಇಲ್ಲವೇ ಚುಕ್ಕೆಗಳನ್ನು ಸಾಕಷ್ಟು ದೂರಕ್ಕೆ ಯಾದೃಚ್ಛಿಕವಾಗಿ ಸರಿಸಿ, ಸರಿಸಿರುವುದಾಗಿ ಶೀರ್ಷಿಕೆಯಲ್ಲಿ ತಿಳಿಸಿ.

ನಕ್ಷೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪುಗಳಲ್ಲಿ ಮೊದಲನೆಯದು, ಅಂತರಜಾಲದ ನಕ್ಷೆಗಳಲ್ಲಿ ಬಳಕೆಯಲ್ಲಿರುವ ವೆಬ್ ಮರ್ಕೇಟರ್ ಪ್ರಕ್ಷೇಪವನ್ನು (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಯಾಗಿಸುವ ಒಂದು ವಿಧಾನ) ಹಾಗೆಯೇ ಉಳಿಸಿಕೊಂಡು ನಗರಗಳ ವಿಸ್ತೀರ್ಣವನ್ನು ಹೋಲಿಸುವುದು. ಆ ಪ್ರಕ್ಷೇಪದಲ್ಲಿ 60 ಡಿಗ್ರಿ ಅಕ್ಷಾಂಶದಲ್ಲಿರುವ ಉದ್ದ ಸುಮಾರು ಎರಡು ಪಟ್ಟು, ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ. ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆಂದು ಭಾವಿಸಿದ ಎರಡು ನಗರಗಳು ನಿಜವಾಗಿ ಒಂದೇ ಅಳತೆಯಲ್ಲಿ ಇರುವುದಿಲ್ಲ. ಎರಡನೆಯದು, ವಾರ್ಡಿನ ಸರಾಸರಿಯನ್ನು ನೋಡಿ ವಾರ್ಡಿನೊಳಗಿನ ವ್ಯಕ್ತಿಗಳ ಬಗ್ಗೆ ತೀರ್ಮಾನಕ್ಕೆ ಬರುವುದು. ಇದು ತಪ್ಪೆಂದು ಸಂಖ್ಯಾಶಾಸ್ತ್ರದ ಚರ್ಚೆಯಲ್ಲಿ 1950ರಿಂದಲೂ ಹೇಳಲಾಗುತ್ತಿದೆ. ಗಡಿಗಳನ್ನು ಬೇರೆ ರೀತಿಯಲ್ಲಿ ಎಳೆದರೆ ಫಲಿತಾಂಶವೇ ಬದಲಾಗಬಹುದು ಎಂಬುದೂ ನಗರದ ಅಂಕಿಅಂಶಗಳಿಗೆ ಸದಾ ಅಂಟಿಕೊಂಡಿರುವ ತೊಡಕು. ಬೇರೊಂದು ವಿಭಜನೆಯಲ್ಲೂ ಲೆಕ್ಕ ಹಾಕಿ ನೋಡಿದ್ದೇವೆ ಎಂದು ಬರೆದರೆ ವಿಮರ್ಶಕರ ಅರ್ಧ ಪ್ರಶ್ನೆಗಳು ಅಲ್ಲೇ ತೀರುತ್ತವೆ.

ಹಿನ್ನೆಲೆ ನಕ್ಷೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಒಡಿಬಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಅದನ್ನು ಬಳಸಬಹುದು, ಆದರೆ ಅದರ ಕೊಡುಗೆದಾರರಿಗೆ ಮನ್ನಣೆ ಕೊಡುವುದು ಕಡ್ಡಾಯ. ಖಾಸಗಿ ಕಂಪನಿಗಳ ಉಪಗ್ರಹ ಚಿತ್ರದ ಪರದೆಯನ್ನು ಹಾಗೆಯೇ ಸೆರೆಹಿಡಿದು ಹಾಕುವ ಮುನ್ನ ಅವರ ಷರತ್ತುಗಳನ್ನು ಓದಿ. ಬಣ್ಣಗಳ ವಿಷಯದಲ್ಲಿ ಕೆಂಪು ಹಸಿರು ಜೋಡಿಯನ್ನು ಬಿಡಿ. ಆ ವ್ಯತ್ಯಾಸ ಕಾಣದ ಓದುಗರು ಬಹಳ ಮಂದಿ ಇದ್ದಾರೆ, ಕಪ್ಪು ಬಿಳುಪಿನಲ್ಲಿ ಮುದ್ರಿಸಿಕೊಂಡು ಓದುವ ವಿಮರ್ಶಕರೂ ಇದ್ದಾರೆ.

ರೇವತಿ

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಹರೀಶ ಸರ್, ನನ್ನ ನಕ್ಷೆಯಲ್ಲಿ ಇದ್ದದ್ದು ನಿಖರವಾಗಿ 41 ಚುಕ್ಕೆಗಳೇ. ನಿನ್ನೆ ರಾತ್ರಿಯೇ ತೆಗೆದೆ. ಮೂರು ವಾರಗಳ ಕೆಲಸದ ನಂತರ ಲೇಖನದ ಆರಂಭ ಈಗ ಹೀಗಿದೆ:

"ಹೊಸ ಮನೆಯ ಮಂಚದ ಮೇಲೆ ಬಟ್ಟೆಯ ಗಂಟುಗಳಿದ್ದವು. ಅಲ್ಲಿ ಮಲಗಬೇಕಾದವರು ಶನಿವಾರ ಬರುತ್ತಾರೆ ಎಂದು ಮನೆಯವರು ಹೇಳಿದರು. ಪುನರ್ವಸತಿ ಯೋಜನೆಯ ದಾಖಲೆಯಲ್ಲಿ ಈ ಮನೆಯಲ್ಲಿ ಕುಟುಂಬ ವಾಸವಾಗಿದೆ ಎಂದಿದೆ. ಕುಟುಂಬದ ಇಬ್ಬರು ದುಡಿಯುವ ಸದಸ್ಯರು ವಾರದ ಐದು ರಾತ್ರಿಗಳನ್ನು ತಾವು ಬಿಟ್ಟುಬಂದ ಬಡಾವಣೆಯಲ್ಲೇ ಕಳೆಯುತ್ತಾರೆ. ಇವೆರಡೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆ ಎಂಬುದನ್ನು ಈ ಲೇಖನ ಕೇಳುತ್ತದೆ."

ಇನ್ನೆರಡು ಸಂದೇಹಗಳಿವೆ. ಸಂದರ್ಶನಗಳ ಮಾತನ್ನು ಜರ್ನಲ್‌ನ ಭಾಷೆಗೆ ಅನುವಾದಿಸುವಾಗ ಕೆಲವು ಪದಗಳು ಜಾರಿಹೋಗುತ್ತಿವೆ. ಎರಡನೆಯದು, ಭಾಷೆಯನ್ನು ತಿದ್ದಲು ಎಐ ಸಾಧನವನ್ನು ಬಳಸಿದರೆ ಅದನ್ನು ಹೇಳಬೇಕೇ?

ಭಾರತಿ

ಆರಂಭ ಬಹಳ ಚೆನ್ನಾಗಿ ಬಂದಿದೆ ರೇವತಿ. ಅನುವಾದದಲ್ಲಿ ಜಾರುವ ಪದ ಮುಖ್ಯವಾದದ್ದಾದರೆ ಮೂಲ ಪದವನ್ನೇ ಉಳಿಸಿ, ಮೊದಲ ಸಲ ಬಂದಾಗ ಒಂದೆರಡು ವಾಕ್ಯಗಳಲ್ಲಿ ಅರ್ಥ ವಿವರಿಸಿ. ಜನ "ಮನೆ" ಎಂದಾಗ ಯಾವ ಮನೆಯನ್ನು ಹೇಳುತ್ತಿದ್ದರು ಎಂಬುದು ನಿಮ್ಮ ಲೇಖನದಲ್ಲಿ ಸಣ್ಣ ವಿಷಯವಲ್ಲ. ಅನುವಾದ ಮಾಡಿದವರು ಯಾರು ಎಂಬುದನ್ನು ವಿಧಾನದ ಭಾಗದಲ್ಲಿ ತಿಳಿಸಿ. ಎಐ ಬಗ್ಗೆ ಹೇಳುವುದಾದರೆ, ಪ್ರಕಟಣೆಯ ನೀತಿಯನ್ನು ಕುರಿತ ಕೋಪ್ ಸಂಸ್ಥೆ 2023ರಲ್ಲೇ ಅಂತಹ ಸಾಧನ ಲೇಖಕನಾಗಲಾರದು, ಬಳಸಿದ್ದರೆ ಹೇಗೆ ಬಳಸಿದ್ದೇವೆಂದು ತಿಳಿಸಬೇಕು, ಹೊಣೆ ಪೂರ್ತಿಯಾಗಿ ಲೇಖಕರದ್ದೇ ಎಂದು ಸ್ಪಷ್ಟಪಡಿಸಿದೆ. ನೀವು ಆರಿಸಿದ ಜರ್ನಲ್ ಇದಕ್ಕಿಂತ ಬಿಗಿಯಾದ ನಿಯಮ ಮಾಡಿರಬಹುದು, ನೋಡಿಕೊಳ್ಳಿ. ಸಂದರ್ಶನದ ಪಠ್ಯವನ್ನು ಮಾತ್ರ ಅಂತಹ ಸಾಧನಕ್ಕೆ ಕೊಡಬೇಡಿ. ಮಾತನಾಡಿದವರು ನಿಮಗೆ ಕೊಟ್ಟ ಒಪ್ಪಿಗೆಯಲ್ಲಿ ಅದು ಸೇರಿಲ್ಲ.

ಕವರ್ ಲೆಟರ್ ಅರ್ಧ ಪುಟ ಸಾಕು: ವಾದ ಏನು, ಈ ಜರ್ನಲ್‌ಗೇ ಏಕೆ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ ಎಂಬ ಹೇಳಿಕೆ. ಒಆರ್‌ಸಿಐಡಿ ಎಂಬ 16 ಅಂಕಿಗಳ ಲೇಖಕ ಗುರುತನ್ನು ಈಗ ಹೆಚ್ಚಿನ ಜರ್ನಲ್‌ಗಳು ಕೇಳುತ್ತವೆ, ಉಚಿತವಾಗಿ ಮಾಡಿಕೊಳ್ಳಬಹುದು.

ರೇವತಿ

ಐದು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಬೇರೆ ಜರ್ನಲ್‌ಗೆ ಕಳುಹಿಸಿದ್ದೆ; ಇಬ್ಬರು ವಿಮರ್ಶಕರ ಅಭಿಪ್ರಾಯಗಳೊಂದಿಗೆ ಮೇಜರ್ ರಿವಿಷನ್, ಅಂದರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳುಹಿಸಿ ಎಂಬ ಪತ್ರ ಬಂದಿದೆ. ಮೊದಲನೆಯವರು ಸಿದ್ಧಾಂತದ ಭಾಗವನ್ನು ವಿಸ್ತರಿಸಿ ಎಂದಿದ್ದಾರೆ, ಎರಡನೆಯವರು ಅದನ್ನೇ ಕಡಿಮೆ ಮಾಡಿ ಎಂದಿದ್ದಾರೆ. ಎರಡನೆಯವರ ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತಿದೆ: ಕುಟುಂಬವನ್ನು ಘಟಕವಾಗಿ ಎಣಿಸುವುದು ತಪ್ಪು ದಾರಿ ಎಂದು ವಾದಿಸುವ ಲೇಖಕರ ಎರಡನೆಯ ಕೋಷ್ಟಕದಲ್ಲಿ ಕುಟುಂಬಗಳನ್ನೇ ಎಣಿಸಲಾಗಿದೆಯಲ್ಲ ಎಂದು.

ಶಿವಪ್ರಸಾದ್

ಅಭಿನಂದನೆಗಳು. ಇದು ಒಳ್ಳೆಯ ಸುದ್ದಿ. ಕೆಲಸಕ್ಕೆ ಬಾರದ ಲೇಖನಕ್ಕೆ ಯಾರೂ ಇಷ್ಟು ಶ್ರಮ ಹಾಕಿ ಓದುವುದಿಲ್ಲ. ಉತ್ತರದ ಪತ್ರದಲ್ಲಿ ಅವರ ಪ್ರತಿಯೊಂದು ಮಾತನ್ನೂ ಬಿಡದೆ ನಕಲಿಸಿ, ಅದರ ಕೆಳಗೆ ನೀವು ಮಾಡಿದ ಬದಲಾವಣೆಯನ್ನೂ ಪುಟ ಮತ್ತು ಸಾಲಿನ ಸಂಖ್ಯೆಯನ್ನೂ ಬರೆಯಿರಿ. ಸಿದ್ಧಾಂತದ ವಿಷಯದಲ್ಲಿ ಇಬ್ಬರನ್ನೂ ಮೆಚ್ಚಿಸಲು ಹೋಗಬೇಡಿ. ನಿಮಗೆ ಸರಿಯೆನಿಸಿದ ದಾರಿಯನ್ನು ಆರಿಸಿ, ವಿಮರ್ಶಕರ ಸಲಹೆಗಳು ಪರಸ್ಪರ ವಿರುದ್ಧವಾಗಿರುವುದನ್ನು ಸಂಪಾದಕರಿಗೆ ವಿನಯದಿಂದ ತಿಳಿಸಿ, ಆಯ್ಕೆಯ ಕಾರಣವನ್ನು ಕೊಡಿ.

ಎರಡನೆಯ ಕೋಷ್ಟಕದ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಇದು ಇಲ್ಲಿ ನಮಗಾರಿಗೂ ಹೊಳೆದಿರಲಿಲ್ಲ. ನಿಮ್ಮ ಕ್ಷೇತ್ರ ಟಿಪ್ಪಣಿಗಳಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು ಎಂಬುದು ಪ್ರತಿಯೊಬ್ಬ ಸದಸ್ಯರಿಗೂ ದಾಖಲಾಗಿದೆಯೇ?

ರೇವತಿ

33 ಕುಟುಂಬಗಳಿಗೆ ಪೂರ್ಣವಾಗಿ ಇದೆ ಸರ್. ಉಳಿದ 8 ಕುಟುಂಬಗಳಲ್ಲಿ ನಾನು ಮನೆಯಲ್ಲಿದ್ದವರನ್ನು ಮಾತ್ರ ಕೇಳಿದ್ದೆ, ಇಲ್ಲದವರ ಬಗ್ಗೆ ವಿವರವಾಗಿ ಕೇಳಿರಲಿಲ್ಲ.

ಶಿವಪ್ರಸಾದ್

ಹಾಗಾದರೆ ಕೋಷ್ಟಕವನ್ನು ಆ 33 ಕುಟುಂಬಗಳ ಸದಸ್ಯರ ಮೇಲೆ ಹೊಸದಾಗಿ ಕಟ್ಟಿ. ಸಾಲುಗಳಲ್ಲಿ ಸದಸ್ಯರು, ಕಂಬಗಳಲ್ಲಿ ವಾರದ ರಾತ್ರಿಗಳು ಬರಲಿ; ಹೆಸರಿನ ಜಾಗದಲ್ಲಿ ಸಂಕೇತಾಕ್ಷರ ಇರಲಿ. ಉಳಿದ 8ನ್ನು ಏಕೆ ಸೇರಿಸಿಲ್ಲ ಎಂಬುದನ್ನು, ಈಗ ಇಲ್ಲಿ ಬರೆದ ಅದೇ ಮಾತುಗಳಲ್ಲಿ, ಕೋಷ್ಟಕದ ಕೆಳಗೇ ಬರೆಯಿರಿ. ಮನೆಯಲ್ಲಿ ಇದ್ದವರನ್ನಷ್ಟೇ ಕೇಳಿದಾಗ ಇಲ್ಲದವರು ಲೆಕ್ಕದಿಂದ ಹೇಗೆ ಜಾರುತ್ತಾರೆ ಎಂಬುದಕ್ಕೆ ನಿಮ್ಮದೇ ಕ್ಷೇತ್ರಕಾರ್ಯದ ಆ 8 ಮನೆಗಳು ಉದಾಹರಣೆಯಾಗಿವೆ. ಅದನ್ನು ಮುಚ್ಚಿಡದೆ ವಿಧಾನದ ಭಾಗಕ್ಕೂ ಒಂದು ಪ್ಯಾರಾ ಮಾಡಿ ಸೇರಿಸಿ. ಪದಮಿತಿ ಮೀರಿದರೆ ಪರಿಚಯದ ನಾಲ್ಕನೆಯ ಪ್ಯಾರಾವನ್ನು ಕತ್ತರಿಸಬಹುದು.

ರೇವತಿ

ಆ 8 ಮನೆಗಳನ್ನು ಲೇಖನದಿಂದಲೇ ಬಿಟ್ಟುಬಿಡುವುದೇ ಎಂದು ಎರಡು ದಿನ ಯೋಚಿಸುತ್ತಿದ್ದೆ ಸರ್. ಈಗ ಕೋಷ್ಟಕವನ್ನು ಹೊಸದಾಗಿ ಕಟ್ಟಲು ಕುಳಿತಿದ್ದೇನೆ. ಮೊದಲ ಸಾಲಿನಲ್ಲಿ ಶನಿವಾರ ಬರುವವರು ಇದ್ದಾರೆ.